ಇನ್ಸ್‌ಪೆಕ್ಟರು ಬಂದ ದಿನದ ವೇಗ

ಹಿಂದೆಲ್ಲ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಗೊತ್ತಾದರೆ ಏನೇನಾಗುತ್ತಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ನೋಡಿ. ಹಿಂದಿನ ಸಂಜೆಯೇ ಅಂಗಳ ಗುಡಿಸಿ ನೀರು ಚಿಮುಕಿಸುತ್ತಿದ್ದರು. ಗೋಡೆಯ ಭೂಪಟದ ಮೇಲಿನ ಧೂಳು ವರ್ಷಕ್ಕೊಮ್ಮೆ ಹಾರುತ್ತಿದ್ದುದು ಅಂದೇ. ಮಗ್ಗಿ ತಪ್ಪದೆ ಹೇಳುವ ಹುಡುಗರು ಮುಂದಿನ ಸಾಲಿಗೆ, ಹದಿನೇಳರ ಮಗ್ಗಿಯಲ್ಲಿ ಎಡವುವವರು ಹಿಂದಿನ ಸಾಲಿಗೆ. ತೀರಾ ಎಡವುವವನು ಅಂದು ಶಾಲೆಗೆ ಬಾರದಿದ್ದರೂ ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲ. ಇನ್ಸ್‌ಪೆಕ್ಟರು ಬಂದು ಮೂರು ಪ್ರಶ್ನೆ ಕೇಳಿ, ಸರಿಯುತ್ತರ ಪಡೆದು, ಕಾಫಿ ಕುಡಿದು, 'ತೃಪ್ತಿಕರ' ಎಂದು ಬರೆದು ಹೋಗುತ್ತಿದ್ದರು. ಅವರು ಬರೆದದ್ದು ಸುಳ್ಳಲ್ಲ. ಅವರು ನೋಡಿದ ಶಾಲೆ ತೃಪ್ತಿಕರವಾಗಿಯೇ ಇತ್ತು. ಮರುದಿನದ ಶಾಲೆ ಬೇರೆ, ಅಷ್ಟೆ.

ಮನೆಮನೆಗೆ ಬರುವ ಇಂಟರ್ನೆಟ್ಟಿನ ವೇಗವನ್ನು ಸರ್ಕಾರವೇ ಅಳೆಯಲು ಹೊರಟರೆ ಇದೇ ಕಥೆ ಮರುಕಳಿಸದೇ? ಅಮೆರಿಕದಲ್ಲಿ ಈ ಅನುಮಾನ ಹುಟ್ಟಿ ಹದಿನೈದು ವರ್ಷ ದಾಟಿದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ತಿಂಗಳು ತಿಂಗಳು ಇಂಟರ್ನೆಟ್ ಬಿಲ್ಲು ಕಟ್ಟುವ ತಂದೆತಾಯಿಗಳಿಗೂ, 'ನೆಟ್ ಸ್ಲೋ ಇದೆ' ಎಂದು ಗೊಣಗುವ ಮಕ್ಕಳಿಗೂ ಅದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳಿವೆ.

ಮೊದಲು ಒಂದು ಸಣ್ಣ ಲೆಕ್ಕ. ಜಾಹೀರಾತಿನಲ್ಲಿ '20 ಎಂಬಿಪಿಎಸ್ ವರೆಗೆ' ಎಂದು ಇರುತ್ತದೆ. ಇದು ಸೆಕೆಂಡಿಗೆ ಎರಡು ಕೋಟಿ ಬಿಟ್. ನಾವು ಫೈಲುಗಳನ್ನು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎರಡೂವರೆ ಮೆಗಾಬೈಟ್ ಮಾತ್ರ. 300 ಮೆಗಾಬೈಟಿನ ಒಂದು ಪಾಠದ ವಿಡಿಯೋ ಇಳಿಸಿಕೊಳ್ಳಲು 120 ಸೆಕೆಂಡು, ಎರಡು ನಿಮಿಷ ಬೇಕು. ಇದು ಸಾಲಿನಲ್ಲಿ ಪೂರ್ತಿ 20 ಬಂದರೆ. ಆದರೆ ಜಾಹೀರಾತಿನಲ್ಲಿ ಮುಖ್ಯವಾದ ಪದ 20 ಅಲ್ಲ, ಅದರ ಬಾಲಕ್ಕೆ ಅಂಟಿಕೊಂಡ 'ವರೆಗೆ' ಎಂಬುದು. ಅಂಗಡಿಯವನು 'ಒಂದು ಕಿಲೋ ವರೆಗೆ ಅಕ್ಕಿ' ಎಂದು ಮಾರಿದರೆ ಯಾರೂ ಸುಮ್ಮನಿರುವುದಿಲ್ಲ. ಇಂಟರ್ನೆಟ್ಟಿನ ವಿಷಯದಲ್ಲಿ ಇಡೀ ಪ್ರಪಂಚ ಸುಮ್ಮನಿತ್ತು.

ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಈ ಬಾಲವನ್ನು ಮೊದಲು ಹಿಡಿದೆಳೆಯಿತು. ಲಂಡನ್ನಿನ ಸ್ಯಾಮ್‌ನೋಸ್ ಎಂಬ ಪುಟ್ಟ ಕಂಪನಿಯ ನೆರವಿನಿಂದ ಅದು ಅಳತೆ ಮಾಡಿಸಿತು. ಅಲ್ಲಿನ ಗ್ರಾಹಕರಿಗೆ ಸರಾಸರಿ 7.1 ಎಂಬಿಪಿಎಸ್ ವರೆಗೆ ಎಂದು ಮಾರಿದ ಸಾಲುಗಳಲ್ಲಿ ನಿಜವಾಗಿ ಹರಿಯುತ್ತಿದ್ದುದು 4.1 ಎಂದು 2009ರ ಜುಲೈನಲ್ಲಿ ಪ್ರಕಟಿಸಿತು. ಮರುವರ್ಷ ಅಮೆರಿಕದ ಸರದಿ. ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, 2010ರ ಮಾರ್ಚಿನಲ್ಲಿ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಯೋಜನೆಯನ್ನು ಹೊರತಂದಿತು. ಜಾಹೀರಾತಿನ ವೇಗದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಜನರ ಕೈಗೆ ಬರುತ್ತಿದೆ ಎಂದು ಅದರಲ್ಲೇ ಬರೆದುಕೊಂಡಿತು. ಸರಿಯಾಗಿ ಅಳೆದೇ ನೋಡೋಣವೆಂದು ಅದೇ ಸ್ಯಾಮ್‌ನೋಸ್ ಕಂಪನಿಯನ್ನು ಕರೆಸಿತು. ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಳ್ಳಲು ಹತ್ತು ಸಾವಿರ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟಿತು. ಮುಂದೆ ಬಂದವರ ಸಂಖ್ಯೆ ಅದರ ಎಷ್ಟೋ ಪಟ್ಟು.

ಈ ಪೆಟ್ಟಿಗೆ ನೋಡಲು ಸಾಧಾರಣ ರೂಟರಿನಂತೆಯೇ ಇರುತ್ತದೆ. ವಾಸ್ತವವಾಗಿ ಅದು ಅಂಗಡಿಯಲ್ಲಿ ಸಿಗುವ ರೂಟರೇ. ಒಳಗಿನ ತಂತ್ರಾಂಶ ಮಾತ್ರ ಬೇರೆ. ಮನೆಯವರು ಕೆಲಸ ಮಾಡುತ್ತಿದ್ದರೆ ಅದು ಸುಮ್ಮನೆ ಕುಳಿತಿರುತ್ತದೆ. ಸಾಲು ಬಿಡುವಾಗಿದೆ ಎಂದು ಗೊತ್ತಾದ ಕೂಡಲೇ ಎಲ್ಲೋ ದೂರದ ಒಂದು ಪರೀಕ್ಷಾ ಕಂಪ್ಯೂಟರಿನಿಂದ ಅರ್ಥವಿಲ್ಲದ ಬಿಟ್‌ಗಳನ್ನು ರಾಶಿರಾಶಿಯಾಗಿ ತರಿಸಿಕೊಂಡು, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತದೆ. ಬಿಟ್‌ಗಳ ಕಟ್ಟುಗಳಲ್ಲಿ ಎಷ್ಟು ದಾರಿಯಲ್ಲೇ ಕಳೆದುಹೋದವು, ಒಂದು ಕೂಗಿಗೆ ಮರುಕೂಗು ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದೂ ಬರೆದುಕೊಳ್ಳುತ್ತದೆ. ಇಡೀ ಬೀದಿ ಏಕಕಾಲಕ್ಕೆ ಸಿನಿಮಾ ನೋಡುವ ಹೊತ್ತಾದ ಸಂಜೆ ಏಳರಿಂದ ಹನ್ನೊಂದರ ಲೆಕ್ಕವನ್ನು ಬೇರೆಯಾಗಿ ತೆಗೆಯುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಎಲ್ಲ ಕಂಪನಿಗಳೂ ಒಳ್ಳೆಯವೇ. ಏಳರಿಂದ ಹನ್ನೊಂದರ ಅಳತೆಯೇ ಅಳತೆ.

ಒಂದು ಕಿಲಾಡಿತನವನ್ನು ಈ ಪೆಟ್ಟಿಗೆ ಆರಂಭದಲ್ಲೇ ಹಿಡಿಯಿತು. ಕೆಲವು ಕೇಬಲ್ ಕಂಪನಿಗಳು ಇಳಿಕೆ ಶುರುವಾದ ಮೊದಲ ಕೆಲವು ಸೆಕೆಂಡು ಮಾತ್ರ ನಲ್ಲಿಯನ್ನು ಪೂರ್ತಿ ತಿರುಗಿಸಿ, ಆಮೇಲೆ ಸಣ್ಣ ಮಾಡುತ್ತಿದ್ದವು. ಪುಟ್ಟ ಪುಟಗಳನ್ನು ನೋಡುವವರಿಗೆ ಇದು ನಿಜವಾಗಿಯೂ ಉಪಯೋಗ. ಆದರೆ ಐದಾರು ಸೆಕೆಂಡಿನಲ್ಲೇ ಪರೀಕ್ಷೆ ಮುಗಿಸುವವನಿಗೆ ಸಿಗುವ ಅಂಕಿ ಉಬ್ಬಿದ ಅಂಕಿ. ಎಫ್‌ಸಿಸಿ ವರದಿ ಈ ಮೊದಲ ಚಿಮ್ಮನ್ನೂ ಆಮೇಲಿನ ಸ್ಥಿರ ಹರಿವನ್ನೂ ಬೇರೆ ಬೇರೆ ಮಾಡಿ ತೋರಿಸಿತು.

ಇಷ್ಟಾಗುವ ಹೊತ್ತಿಗೆ ಮೊದಲನೆಯ ಅನುಮಾನ ಹುಟ್ಟಿತ್ತು. ಸರ್ಕಾರ ಬಿಟ್ಟಿಯಾಗಿ ಕೊಟ್ಟ ಪೆಟ್ಟಿಗೆಯನ್ನು ಮನೆಯ ಇಂಟರ್ನೆಟ್ ಸಾಲಿನ ಮಧ್ಯೆಯೇ ಕೂರಿಸುವುದೆಂದರೆ, ಅಡುಗೆಮನೆಯಲ್ಲಿ ಅಮಲ್ದಾರರಿಗೆ ಕುರ್ಚಿ ಹಾಕಿಕೊಟ್ಟ ಹಾಗಲ್ಲವೇ? ಮನೆಯವರು ಏನು ಓದುತ್ತಾರೆ, ಯಾರಿಗೆ ಬರೆಯುತ್ತಾರೆ ಎಂಬುದೆಲ್ಲ ಅದರ ಮೂಲಕವೇ ಹಾಯುತ್ತದಲ್ಲ! 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚಾರ ಸಂಸ್ಥೆಯ ದಾಖಲೆಗಳನ್ನು ಬಯಲಿಗೆಳೆದ ಮೇಲಂತೂ ಈ ಮಾತಿಗೆ ತೂಕ ಬಂತು. ಅದೇ ವರ್ಷದ ನವೆಂಬರಿನಲ್ಲಿ ಎಫ್‌ಸಿಸಿ ಮೊಬೈಲ್ ಫೋನುಗಳಿಗೂ ವೇಗ ಅಳೆಯುವ ಆ್ಯಪ್ ಹೊರತಂದಾಗ, 'ಬೇರೆ ಮುಹೂರ್ತ ಸಿಗಲಿಲ್ಲವೇ?' ಎನ್ನುವಂತಾಗಿತ್ತು ಪರಿಸ್ಥಿತಿ.

ಈ ಅನುಮಾನಕ್ಕೆ ಸಿಕ್ಕ ಉತ್ತರ ಮಾತ್ರ ತಕ್ಕಮಟ್ಟಿಗೆ ನೇರವಾಗಿತ್ತು. ಪೆಟ್ಟಿಗೆ ಎಷ್ಟು ಬೈಟ್ ಹಾದುಹೋಯಿತೆಂದು ಎಣಿಸುತ್ತದೆ, ಆ ಬೈಟ್‌ಗಳಲ್ಲಿ ಏನಿದೆಯೆಂದು ನೋಡುವುದಿಲ್ಲ ಎಂದು ಎಫ್‌ಸಿಸಿ ಹೇಳಿತು. ಮೀಟರ್ ಓದುವವನು ಎಷ್ಟು ಯೂನಿಟ್ ಖರ್ಚಾಯಿತೆಂದು ಬರೆದುಕೊಂಡು ಹೋಗುತ್ತಾನೆಯೇ ಹೊರತು ಮಿಕ್ಸಿಯಲ್ಲಿ ರುಬ್ಬಿದ್ದು ಚಟ್ನಿಯೋ ಹಿಟ್ಟೋ ಎಂದು ಕೇಳುವುದಿಲ್ಲ. ಬಾಯಿಮಾತನ್ನು ನಂಬದವರಿಗೆ ಆ್ಯಪಿನ ಮೂಲ ಸಂಕೇತವನ್ನೇ ಸಾರ್ವಜನಿಕವಾಗಿ ತೆರೆದಿಟ್ಟರು. ಬಲ್ಲವರು ಬಿಚ್ಚಿ ನೋಡಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ಪೆಟ್ಟಿಗೆ ಇಟ್ಟುಕೊಳ್ಳುವುದು ಅವರವರ ಇಷ್ಟ. ಬೇಡವಾದ ದಿನ ತಂತಿ ಕಿತ್ತರಾಯಿತು. ಆದರೂ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಯಾರೂ ಕೇಳದಿದ್ದರೆ ಇಷ್ಟು ಉತ್ತರವೂ ಬರುತ್ತಿರಲಿಲ್ಲ.

ಎರಡನೆಯ ಅನುಮಾನಕ್ಕೆ ಬರುವ ಮೊದಲು ಫಲಿತಾಂಶ ನೋಡೋಣ. 2011ರ ಆಗಸ್ಟಿನಲ್ಲಿ 13 ದೊಡ್ಡ ಕಂಪನಿಗಳ ಮೊದಲ ವರದಿ ಬಂತು. ಜನಸಂದಣಿಯ ಹೊತ್ತಿನಲ್ಲಿ ಸರಾಸರಿ ನೋಡಿದರೆ ಜಾಹೀರಾತಿನ ವೇಗದ ಶೇಕಡ 87ರಷ್ಟು ಸಿಗುತ್ತಿತ್ತು. ಅರ್ಧ ಸಿಗುತ್ತದೆ ಎಂದುಕೊಂಡಿದ್ದವರಿಗೆ ಇದು ಶುಭವಾರ್ತೆ. ಆದರೆ ನ್ಯೂಯಾರ್ಕ್ ಸುತ್ತಮುತ್ತ ಸೇವೆ ಕೊಡುತ್ತಿದ್ದ ಕೇಬಲ್‌ವಿಷನ್ ಎಂಬ ಕಂಪನಿಯ ಅಂಕ ಶೇಕಡ 54. ಮೇಲಿನ ಲೆಕ್ಕದಲ್ಲಿ ಎರಡು ನಿಮಿಷಕ್ಕೆ ಇಳಿಯಬೇಕಾದ ಪಾಠ, ಈ ಅಂಕದಲ್ಲಾದರೆ ಮೂರು ನಿಮಿಷ ನಲವತ್ತು ಸೆಕೆಂಡು ಹಿಡಿಯುತ್ತದೆ. ಮರುವರ್ಷ ಜುಲೈನಲ್ಲಿ ಎರಡನೆಯ ವರದಿ ಬಂದಾಗ ಒಟ್ಟು ಸರಾಸರಿ 96ಕ್ಕೆ ಏರಿತ್ತು. ಅದೇ ಕೇಬಲ್‌ವಿಷನ್ನಿನ ಅಂಕ ಎಷ್ಟು ಗೊತ್ತೇ? 120!

ಒಂದೇ ವರ್ಷದಲ್ಲಿ 54ರಿಂದ 120. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಮರುವರ್ಷ ನೂರಕ್ಕೆ ನೂರಿಪ್ಪತ್ತು ತೆಗೆದ ಹಾಗೆ. ಇದನ್ನು ಎರಡು ರೀತಿ ಓದಬಹುದು. ಊರೆದುರು ಮಾನ ಹೋದ ಮೇಲೆ ಕಂಪನಿ ದುಡ್ಡು ಸುರಿದು ಸಾಲುಗಳನ್ನು ಸರಿಪಡಿಸಿತು, ಅಳತೆಯಿಂದ ಗ್ರಾಹಕನಿಗೆ ಲಾಭವಾಯಿತು ಎನ್ನಬಹುದು. ಇದರಲ್ಲಿ ಸತ್ಯವಿದೆ, ಸಾಲು ಸರಿಪಡಿಸದೆ ಅಷ್ಟು ಅಂಕ ಬರುವುದಿಲ್ಲ. ಇನ್ನೊಂದು ಓದು ಹೀಗೆ: ಅಳೆಯುತ್ತಾರೆಂದು ಗೊತ್ತಾದ ಮೇಲೆ ಕಂಪನಿಗಳು ಅಳತೆಗೋಲಿಗೆ ತಕ್ಕಂತೆ ಬೆಳೆಯಲು ಕಲಿತವು. 20 ಎಂದು ಮಾರಿ, ನಲ್ಲಿಯನ್ನು ಒಂದೆರಡು ಸುತ್ತು ಹೆಚ್ಚು ತಿರುಗಿಸಿ 22-23 ಬಿಟ್ಟರೆ, ಕೆಲವು ಮನೆಗಳಲ್ಲಿ 12 ಬಂದರೂ ಸರಾಸರಿ ನೆಟ್ಟಗೆ ನಿಲ್ಲುತ್ತದೆ. ಸರಾಸರಿಯ ಸ್ವಭಾವವೇ ಅದು. ತರಗತಿಯಲ್ಲಿ ಒಬ್ಬನಿಗೆ 100, ಇನ್ನೊಬ್ಬನಿಗೆ 20 ಬಂದರೆ ಸರಾಸರಿ 60. ಇಪ್ಪತ್ತು ಬಂದವನು 'ಫಸ್ಟ್ ಕ್ಲಾಸ್' ಎಂದು ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ. ಈ ಕೊರತೆ ಎಫ್‌ಸಿಸಿಗೂ ತಿಳಿದಿತ್ತು. ಶೇಕಡ 80ರಷ್ಟು ಗ್ರಾಹಕರಿಗೆ, ಶೇಕಡ 80ರಷ್ಟು ಹೊತ್ತು, ಕನಿಷ್ಠ ಎಷ್ಟು ವೇಗ ಸಿಗುತ್ತದೆ ಎಂಬ ಇನ್ನೊಂದು ಅಂಕಿಯನ್ನೂ ಮುಂದಿನ ವರದಿಗಳಲ್ಲಿ ಕೊಡತೊಡಗಿತು.

ಈಗ ಎರಡನೆಯ ಅನುಮಾನ. ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂಬುದು ಕಂಪನಿಗೆ ಗೊತ್ತಾದರೆ? ಗೊತ್ತಾಗುತ್ತಿತ್ತು. ಸ್ವಯಂಸೇವಕ 20ರ ಯೋಜನೆ ಕೊಂಡಿದ್ದಾನೋ 50ರದೋ ಎಂದು ಖಚಿತಪಡಿಸಿಕೊಳ್ಳಲು ಕಂಪನಿಗಳ ದಾಖಲೆಯನ್ನೇ ನೋಡಬೇಕಿತ್ತು. ಹಾಗಾಗಿ ಅಳೆಯುವವರೂ ಅಳೆಸಿಕೊಳ್ಳುವವರೂ ಮೊದಲ ದಿನದಿಂದ ಒಂದೇ ಮೇಜಿನ ಸುತ್ತ ಕುಳಿತಿದ್ದರು. 'ಪೆಟ್ಟಿಗೆಯಿರುವ ಮನೆಗೆ ವಿಶೇಷ ಉಪಚಾರ ಮಾಡುವುದಿಲ್ಲ' ಎಂಬ ನಡವಳಿಕೆಯ ಒಪ್ಪಂದಕ್ಕೆ ಎಲ್ಲರೂ ರುಜು ಹಾಕಿದ್ದರು. ಇನ್ಸ್‌ಪೆಕ್ಟರು ಬರುವ ದಿನಾಂಕವನ್ನು ಶಾಲೆಗೆ ತಿಳಿಸಿ, 'ದಯವಿಟ್ಟು ಅಂಗಳ ಗುಡಿಸಬೇಡಿ' ಎಂದು ಕೈಮುಗಿದ ಹಾಗೆ.

ಅಂಗಳ ಗುಡಿಸಿದ್ದರೇ? 2017ರ ಫೆಬ್ರುವರಿ ಮೊದಲ ದಿನ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್, ಟೈಮ್ ವಾರ್ನರ್ ಕೇಬಲ್ ಮೇಲೂ ಹಿಂದಿನ ವರ್ಷ ಅದನ್ನು ಕೊಂಡಿದ್ದ ಚಾರ್ಟರ್ ಮೇಲೂ ಹೂಡಿದ ದಾವೆಯನ್ನು ಪ್ರಕಟಿಸಿದರು. ಆ ಕಂಪನಿಗೆ ಎಫ್‌ಸಿಸಿ ವರದಿಗಳಲ್ಲಿ ಬರುತ್ತಿದ್ದ ಅಂಕ ಚೆನ್ನಾಗಿಯೇ ಇತ್ತು. ದಾವೆಯ ಕಥೆಯೇ ಬೇರೆ. ಹೆಚ್ಚಿನ ವೇಗದ ಯೋಜನೆ ಮಾರಿದ ಲಕ್ಷಾಂತರ ಮನೆಗಳಿಗೆ ಆ ವೇಗವನ್ನು ಮುಟ್ಟಲು ಶಕ್ತಿಯೇ ಇಲ್ಲದ ಹಳೆಯ ಮೋಡೆಮ್‌ಗಳನ್ನು ಬಾಡಿಗೆಗೆ ಕೊಟ್ಟಿದ್ದರು ಎಂಬುದು ಮುಖ್ಯ ಆರೋಪ. ಬಾಡಿಗೆ ಮಾತ್ರ ತಿಂಗಳಿಗೆ ಸುಮಾರು ಹತ್ತು ಡಾಲರ್, ತಪ್ಪದೆ ವಸೂಲಿ. ಅರ್ಧ ಇಂಚಿನ ನಲ್ಲಿ ಕೂರಿಸಿ ಎರಡು ಇಂಚಿನ ಕೊಳವೆಯ ದುಡ್ಡು ತೆಗೆದುಕೊಂಡಂತೆ.

ಎಫ್‌ಸಿಸಿಯ ಅಳತೆಯಲ್ಲಿ ಇದು ಕಾಣಲಿಲ್ಲವೇಕೆ? ಹಳೆಯ ಮೋಡೆಮ್‌ಗಳ ವಿಷಯ ಎಫ್‌ಸಿಸಿಯ ಕಿವಿಗೆ ಬಿದ್ದಿತ್ತು. 'ಎಲ್ಲರ ಮನೆಯಲ್ಲೂ ಬದಲಾಯಿಸುತ್ತೇವೆ, ಅಲ್ಲಿಯವರೆಗೆ ಅಂಥ ಮನೆಗಳ ಅಂಕವನ್ನು ನಮ್ಮ ಲೆಕ್ಕದಿಂದ ಬಿಡಿ' ಎಂದು ಕಂಪನಿ ಒಪ್ಪಿಸಿತು. ಲೆಕ್ಕದಿಂದ ಬಿಟ್ಟದ್ದಾಯಿತು, ಎಲ್ಲರ ಮನೆಯಲ್ಲಿ ಬದಲಾಯಿಸಿದ್ದು ಮಾತ್ರ ಆಗಲಿಲ್ಲ ಎಂದು ದಾವೆ ಹೇಳಿತು. ಸರಾಸರಿ ಅಂಕ ಉಬ್ಬಲಿ ಎಂದು ನಲ್ಲಿಯನ್ನು ಹೆಚ್ಚು ತಿರುಗಿಸಿದ ಆರೋಪವೂ ಅದರಲ್ಲಿತ್ತು. ಮಗ್ಗಿ ಬಾರದ ಹುಡುಗ ಅಂದು ಶಾಲೆಗೆ ಬಾರದಿದ್ದರೂ ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲ ಎಂದೆವಲ್ಲ!

ದಾವೆ ತೀರ್ಪಿನವರೆಗೆ ಹೋಗಲಿಲ್ಲ. 2018ರ ಡಿಸೆಂಬರಿನಲ್ಲಿ ರಾಜಿಯಾಯಿತು. ದೂರುಗಳೆಲ್ಲ ತಾನು ಕೊಳ್ಳುವ ಮೊದಲಿನ ಕಾಲದವು ಎಂಬುದು ಚಾರ್ಟರ್ ನಿಲುವು. ಒಟ್ಟು ರಾಜಿಯ ಮೊತ್ತ 17 ಕೋಟಿ 42 ಲಕ್ಷ ಡಾಲರ್. ಅದರಲ್ಲಿ 6 ಕೋಟಿ 25 ಲಕ್ಷ ಡಾಲರ್ ಏಳು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ನೇರವಾಗಿ ವಾಪಸು ಬಂತು. ಉಳಿದದ್ದು ಸುಮಾರು 22 ಲಕ್ಷ ಗ್ರಾಹಕರಿಗೆ ಬಿಟ್ಟಿ ವಿಡಿಯೋ ಸೇವೆಗಳ ರೂಪದಲ್ಲಿ. ವೇಗ ಕೊಡದಿದ್ದಕ್ಕೆ ಪರಿಹಾರವಾಗಿ ಅದೇ ಸಾಲಿನಲ್ಲಿ ನೋಡಬೇಕಾದ ಸಿನಿಮಾ ಕೊಟ್ಟರೆಂದು ಯಾರಾದರೂ ನಕ್ಕಿದ್ದರೆ ತಪ್ಪಿಲ್ಲ.

ಹಾಗಾದರೆ ಸರ್ಕಾರಿ ಅಳತೆ ವ್ಯರ್ಥವೆಂದು ಅರ್ಥವೇ? ಇಲ್ಲೇ ಕಥೆಗೆ ಒಂದು ತಿರುವಿದೆ. ಎಫ್‌ಸಿಸಿ ತನ್ನ ವರದಿಯ ಜೊತೆಗೆ ಪೆಟ್ಟಿಗೆಗಳು ಕಳಿಸಿದ ಹಸಿ ಅಂಕಿಗಳನ್ನೂ ಹಂಚಿಬಿಟ್ಟಿತ್ತು. ನ್ಯೂಯಾರ್ಕ್ ರಾಜ್ಯ ಆ ಅಂಕಿಗಳನ್ನೇ ಮತ್ತೆ ಜಾಲಾಡಿ ನೋಡಿತು. ಜೊತೆಗೆ, 'ನಿಮ್ಮ ಮನೆಯ ವೇಗ ನೀವೇ ಅಳೆದು ಕಳಿಸಿ' ಎಂದು 2015ರ ಡಿಸೆಂಬರಿನಲ್ಲೇ ಜನರನ್ನು ಕೇಳಿಕೊಂಡಿತ್ತು. ಕಂಪನಿಯ ಒಳಗಿನ ಪತ್ರವ್ಯವಹಾರವನ್ನೂ ತರಿಸಿಕೊಂಡಿತು. ಮೂರನ್ನೂ ಎದುರುಬದುರು ಇಟ್ಟಾಗ ಸರಾಸರಿಯ ಹಿಂದೆ ಅಡಗಿದ್ದ ಮನೆಗಳು ಕಾಣಿಸಿದವು. ಒಂದು ಸರ್ಕಾರ 'ತೃಪ್ತಿಕರ' ಎಂದು ಬರೆದ ಪುಸ್ತಕವನ್ನೇ ಇನ್ನೊಂದು ಸರ್ಕಾರ ಅನುಮಾನದ ಕಣ್ಣಿನಿಂದ ಓದಿದಾಗ ಸಾಕ್ಷಿ ಸಿಕ್ಕಿತು. ಅಂಕಿಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಅನುಮಾನಪಡುವುದಕ್ಕೂ ಆಧಾರವಿರುತ್ತಿರಲಿಲ್ಲ. ಅಂದಹಾಗೆ, ಪೆಟ್ಟಿಗೆ ಮಾಡಿದ ಸ್ಯಾಮ್‌ನೋಸ್ ಕಂಪನಿಯನ್ನು 2023ರಲ್ಲಿ ಸಿಸ್ಕೋ ಕೊಂಡಿತು. ಸಿಸ್ಕೋ ಎಂದರೆ ಇಂಟರ್ನೆಟ್ ಕಂಪನಿಗಳಿಗೆ ಯಂತ್ರೋಪಕರಣ ಮಾರುವ ದೈತ್ಯ. ಇದರಲ್ಲಿ ತಪ್ಪೇನೂ ಇಲ್ಲದಿರಬಹುದು. ತಕ್ಕಡಿ ಯಾರ ಅಂಗಡಿಯಿಂದ ಬಂತೆಂದು ತಿಳಿದಿರುವುದು ಮಾತ್ರ ಒಳ್ಳೆಯದು.

ಇನ್ನೊಂದು ಸಂಗತಿ ಪೆಟ್ಟಿಗೆಯ ದೃಷ್ಟಿಗೇ ಬೀಳದಂಥದು. ಅದು ಅಳೆಯುವುದು ಮನೆಯಿಂದ ಪರೀಕ್ಷಾ ಕಂಪ್ಯೂಟರಿನವರೆಗಿನ ದಾರಿಯನ್ನು. ಮಗ ನೋಡುವ ಸಿನಿಮಾ, ಮಗಳು ಕೇಳುವ ಪಾಠ ಬರುವ ದಾರಿ ಬೇರೆಯಾಗಿರಬಹುದು. ಒಂದು ಕಂಪನಿಯ ಜಾಲ ಇನ್ನೊಂದರ ಜಾಲವನ್ನು ಕೂಡುವ ಜಾಗಗಳಿವೆ. ಊರ ರಸ್ತೆ ಎಷ್ಟೇ ಅಗಲವಿದ್ದರೂ ಹೆದ್ದಾರಿಗೆ ಸೇರುವ ಕಡೆ ಒಂದೇ ಗಾಡಿಯ ಸೇತುವೆಯಿದ್ದರೆ ಏನಾದೀತು? 2013-14ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ನೋಡುಗರಿಗೆ ಆದದ್ದು ಅದೇ. ವೇಗದ ಪರೀಕ್ಷೆ ಮಾಡಿದರೆ ಅಂಕ ಭರ್ಜರಿ. ಸಿನಿಮಾ ಹಚ್ಚಿದರೆ ಚಿತ್ರ ಮಸುಕು. ಕೊನೆಗೆ 2014ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯೇ ಕಾಮ್‌ಕಾಸ್ಟ್‌ಗೆ ದುಡ್ಡು ಕೊಟ್ಟು ನೇರ ದಾರಿ ಮಾಡಿಸಿಕೊಂಡಿತು. ನ್ಯೂಯಾರ್ಕ್ ದಾವೆಯಲ್ಲೂ ಈ ಸೇತುವೆಯ ಮಾತಿತ್ತು: 'ಲೀಗ್ ಆಫ್ ಲೆಜೆಂಡ್ಸ್' ಆಟದ ಕಂಪನಿಯ ದಟ್ಟಣೆಯನ್ನು ಟೈಮ್ ವಾರ್ನರ್ ಬೇಕೆಂದೇ ಇಕ್ಕಟ್ಟಾಗಲು ಬಿಟ್ಟಿತೆಂಬ ಆರೋಪ ಅದು. ಆಟದಲ್ಲಿ ಸೋತು ನೆಟ್ ಮೇಲೆ ತಪ್ಪು ಹೊರಿಸುವ ಹುಡುಗರ ಮಾತು ಕೆಲವೊಮ್ಮೆ ನಿಜವೂ ಇರುತ್ತದೆ. ಯಾವಾಗಲೂ ಅಲ್ಲ!

ನಮ್ಮ ದೇಶದ ನಿಯಮವೂ ಈ ಸೇತುವೆಯ ಈಚೆಗೇ ನಿಂತಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲಿ ಮಾಡಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲಿ, ಗ್ರಾಹಕ ಕೊಂಡ ವೇಗದ ಶೇಕಡ 80ಕ್ಕಿಂತ ಹೆಚ್ಚು ಸಿಗಬೇಕೆಂದಿತ್ತು. ಎಲ್ಲಿಂದ ಎಲ್ಲಿಗೆ? ಕಂಪನಿಯ ತನ್ನದೇ ಕೇಂದ್ರದಿಂದ ಗ್ರಾಹಕನ ಮನೆಗೆ. ಅಲ್ಲಿಂದಾಚೆಗಿನ ಲೋಕದ ಮಾತು ಆ ಶೇಕಡ 80ರಲ್ಲಿ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಗಳು ಅದರ ಜಾಗಕ್ಕೆ ಬಂದಿವೆ. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವೂ 2004ರ 256 ಕೆಬಿಪಿಎಸ್‌ನಿಂದ 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಟ್ರಾಯ್ 2016ರಲ್ಲಿ 'ಮೈಸ್ಪೀಡ್' ಎಂಬ ಆ್ಯಪನ್ನೂ ತಂದಿತು. ಅದು ಮುಖ್ಯವಾಗಿ ಮೊಬೈಲಿನ ವೇಗಕ್ಕೆ. ಎಷ್ಟೋ ಮನೆಗಳಲ್ಲಿ ಮೊಬೈಲೇ ಮನೆಯ ಇಂಟರ್ನೆಟ್ ಆಗಿರುವುದರಿಂದ ಅದು ಉಪಯೋಗಕ್ಕೆ ಬಾರದ್ದೇನಲ್ಲ. ಆದರೆ ಆ್ಯಪ್ ಒತ್ತುವುದಕ್ಕೂ ಸಿಗ್ನಲ್ ಇರಬೇಕು. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕುಳಿತ ಮಲೆನಾಡಿನ ಮಕ್ಕಳ ಮನೆಯಿಂದ ಯಾವ ಅಂಕಿಯೂ ಯಾವ ಸರಾಸರಿಗೂ ಸೇರಲಿಲ್ಲ. ಸೊನ್ನೆಯನ್ನು ಕಳಿಸುವುದಕ್ಕೂ ನೆಟ್ ಬೇಕಲ್ಲ!

ನಿಮ್ಮ ಮನೆಯ ಸಾಲನ್ನು ನೀವೇ ಅಳೆಯಬೇಕೆಂದಿದ್ದರೆ ದೊಡ್ಡ ಪೆಟ್ಟಿಗೆಯೇನೂ ಬೇಡ. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಕೆಲಸ ಇದು. ಮೊದಲು ವೈಫೈ ಬಿಟ್ಟು ಕಂಪ್ಯೂಟರಿಗೆ ತಂತಿ ಹಾಕಿಯೇ ಅಳೆಯಿರಿ. ಎರಡು ಗೋಡೆ ದಾಟಿದ ವೈಫೈ ನಿಧಾನವಾದರೆ ಕಂಪನಿಯದು ತಪ್ಪಲ್ಲ. ಆ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ವಿಡಿಯೋ ನೋಡುತ್ತಿರಬಾರದು. ಅಜ್ಜಿಯ ಧಾರಾವಾಹಿ ಮುಗಿಯುವವರೆಗೆ ಕಾಯುವುದೇ ಕಷ್ಟದ ಭಾಗ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ, ಹತ್ತು ದಿನ ಬಿಡದೆ ಅಳೆದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಅಂಕಿ ಬರೆದಿಡಿ. ಒಂದೇ ಪರೀಕ್ಷಾ ತಾಣವನ್ನು ನಂಬದೆ ಎರಡರಲ್ಲಿ ನೋಡಿ. ಕೆಲವು ತಾಣಗಳ ಪರೀಕ್ಷಾ ಕಂಪ್ಯೂಟರು ನಿಮ್ಮ ಕಂಪನಿಯ ಕಟ್ಟಡದಲ್ಲೇ ಕೂತಿರಬಹುದು. ಅಲ್ಲಿಗೆ ದಾರಿ ಸಲೀಸಾಗಿಯೇ ಇರುತ್ತದೆ. ಕೊನೆಗೆ ಸರಾಸರಿ ತೆಗೆಯಿರಿ, ಅದರ ಪಕ್ಕದಲ್ಲೇ ಹತ್ತು ದಿನದ ಅತಿ ಕಡಿಮೆ ಅಂಕಿಯನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ. ಆ ಹಾಳೆಯನ್ನು ಬಿಲ್ಲಿನ ಜೊತೆ ಮಡಿಸಿ ಕಂಪನಿಯ ಕಚೇರಿಗೆ ತೆಗೆದುಕೊಂಡು ಹೋದರೆ, 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸಾರ್' ಎಂದು ಕೌಂಟರಿನಲ್ಲಿ ಕುಳಿತವರು ಹೇಳುವ ಮೊದಲು ಒಮ್ಮೆ ಹಾಳೆಯನ್ನು ನೋಡಿಯಾರು.